ಕೀಲಿ ಜಗ್ಗಿ ನೋಡೋ ಅಪ್ಪ

ನಮ್ಮ ಅಪ್ಪ ಕೀಲಿ ಹಾಕೋದನ್ನ ನೀವು ನೋಡಬೇಕಾಗಿತ್ತು. ಅಲಿಗಡದ ದೊಡ್ಡ ಕೀಲಿ. ಹಾಕಿ ಮೂರು ಸಲ ಜಗ್ಗತಿದ್ದ. ಓಣಿ ತುದಿತನಕ ಹೋಗಿ, ‘ತಡೀರಿ’ ಅಂತ ಹೊಳ್ಳಿ ಬಂದು ಮತ್ತ ಜಗ್ಗತಿದ್ದ. ಬಸ್ ತಪ್ಪತೈತಿ ಅಂತ ನಾವು ಟಾಂಗಾದಾಗ ಕುಂತು ಒದ್ದಾಡತಿದ್ವಿ. ಕೀಲಿಕೈ ಉಡದಾರಕ್ಕ ಕಟ್ಟಿಕೊಂಡ ಮ್ಯಾಲ ಅವಗ ಸಮಾಧಾನ.

ಒಳಗ ಏನಿತ್ತು ಅಂತೀರಿ? ಎರಡು ಟ್ರಂಕು, ಒಂದು ಹಿತ್ತಾಳಿ ಹಂಡೆ, ಒಂದು ರೇಡಿಯೋ. ಅವ್ವನ ಬಂಗಾರ ಅವ್ವನ ಮೈಮ್ಯಾಲ ಇರತಿತ್ತು. ಕಳ್ಳ ಬಂದ್ರ ಅವನೇ ಮರಗಿ ಏನರ ಇಟ್ಟು ಹೋಗಬೇಕು, ಅಂಥಾ ಮನಿ.

ನಾ ಹತ್ತು ವರ್ಷದಾಕಿ ಇದ್ದಾಗಿನ ಮಾತು, ಎಪ್ಪತ್ತರ ದಶಕ. ಬ್ಯಾಸಗಿ ಸೂಟಿ ಬಿತ್ತಂದ್ರ ವಿಜಾಪುರದಿಂದ ಬಬಲೇಶ್ವರಕ್ಕ, ಅವ್ವನ ತವರಮನಿಗೆ ಹೋಗತಿದ್ವಿ. ಹೊನವಾಡಕ್ಕ ಕೊಟ್ಟ ದೊಡ್ಡವ್ವ, ಕನಮಡಿಗೆ ಕೊಟ್ಟ ಚಿಗವ್ವ ಇಬ್ಬರೂ ಬರತಿದ್ರು. ವರ್ಷಕ್ಕ ಆಗೋವಷ್ಟು ಶ್ಯಾವಗಿನ್ನ ಅಕ್ಕ-ತಂಗ್ಯಾರು ಕೂಡಿ ಹೊಸಿಯೋದು ಅಜ್ಜಿ ಮನಿ ಪದ್ಧತಿ. ಹತ್ತು-ಹನ್ನೊಂದು ದಿನದ ಕೆಲಸ. ಮದಿವ್ಯಾಗಿ ಹನ್ನೆರಡು ವರ್ಷಾದ್ರೂ ನಮ್ಮ ಅವ್ವ ಒಮ್ಮೆರ ಕಡೀತನಕ ಇದ್ದಾಕಿ ಅಲ್ಲ. ಮೂರನೇ ದಿನಕ್ಕ ಅಪ್ಪ ‘ಮನಿ ಬರೇ ಬಿದ್ದೈತಿ, ನಡೀ’ ಅಂತ ಎಬ್ಬಿಸತಿದ್ದ. ‘ನೀವು ಹೋಗ್ರಿ, ನಾ ಇರತೇನಿ’ ಅಂದ್ರ, ‘ನಾ ಕಚೇರಿಗೆ ಹೋದ ಮ್ಯಾಲ ಮನಿ ಕಾಯವ್ರು ಯಾರು?’ ಅಂತಿದ್ದ. ಆಕಿ ಹಿಟ್ಟು ಹತ್ತಿದ ಕೈ ತೊಳಕೊಂಡು ಗಂಟು ಕಟ್ಟತಿದ್ದಳು. ನನಗ ಅಪ್ಪನ ಮ್ಯಾಲ ಎಂಥಾ ಸಿಟ್ಟು ಬರತಿತ್ತು!

ಆ ವರ್ಷ ಅವ್ವ ಹಟಕ್ಕ ಬಿದ್ದಳು. ‘ಈ ಸಲ ಶ್ಯಾವಗಿ ಮುಗಿಸೇ ಬರಾಕಿ’ ಅಂದಳು. ಅಪ್ಪ ‘ಆತು’ ಅಂದ, ಕಚೇರಿಗೆ ರಜಾನೂ ಹಾಕಿದ, ಖರೆ ಸುಮ್ಮ ಕೂಡಲಿಲ್ಲ. ಮನ್ಯಾಗ ಗಂಡಸು ಅದಾನಂತ ಕಳ್ಳರಿಗೆ ತಿಳೀಲಿ ಅಂತ ತನ್ನ ಹರಕ ಚಪ್ಪಲಿ ಹೊಸ್ತಲ ಮುಂದ ಬಿಟ್ಟ. ಹಳೇ ಧೋತರ ಅಂಗಳದ ಹಗ್ಗದ ಮ್ಯಾಲ ಹಾಕಿದ.

ಅವ್ವನೂ ಒಂದು ಹಂಚಿಕಿ ಮಾಡಿದ್ದಳು. ಮುಂಜಾನೆ ಅಂಗಳಕ್ಕ ನೀರು ಬೀಳಲಿಲ್ಲಂದ್ರ ಮನ್ಯಾಗ ಯಾರೂ ಇಲ್ಲಂತ ಹಾದಿ ಹಿಡದು ಹೋಗೋರಿಗೆಲ್ಲಾ ಗೊತ್ತಾಗತೈತಲ್ಲ. ಅದಕ್ಕ ಬಾಜೂ ಮನಿ ಚಾಚಿಗೆ, ಅಂದ್ರ ಬಟ್ಟಿ ಅಂಗಡಿಯವರ ಹೇಣ್ತಿಗೆ, ದಿನಾ ನೀರು ಹೊಡದು ರಂಗೋಲಿ ಹಾಕಾಕ ಹೇಳಿದ್ದಳು. ‘ನಾ ಯಾವತ್ತೂ ಹಾಕಿದಾಕಿ ಅಲ್ಲ ಬೇ, ನನಗೆಲ್ಲಿ ಬರತೈತಿ?’ ಅಂತ ಚಾಚಿ ನಕ್ಕರು. ಅವ್ವ ನಾಕು ಚುಕ್ಕಿದೊಂದು ಕಲಿಸಿದಳು. ಅಪ್ಪಗ ಮಾತ್ರ ಹೇಳಲಿಲ್ಲ. ಹೇಳಿದ್ರ, ‘ಮನಿ ಖಾಲಿ ಐತಂತ ಊರಿಗೆಲ್ಲಾ ಡಂಗುರ ಹೊಡದಿ’ ಅಂತ ಬೈತಿದ್ದ.

ಬಬಲೇಶ್ವರಕ್ಕ ಹೋದ ಐದನೇ ದಿನ ಅಪ್ಪ, ‘ತಿಕೋಟಾಕ್ಕ ತಂಗಿನ್ನ ನೋಡಿ ಬರತೇನಿ’ ಅಂತ ಎದ್ದು ಹೋದ. ಅಲ್ಲಿ ಬಸ್ ಇಳಿಯೋದರಾಗ ನಮ್ಮ ಓಣಿಯವ್ರೊಬ್ರು ಭೇಟ್ಯಾದ್ರು. ‘ನೀವಿಲ್ಲಿ ಅದೀರಿ? ಇವತ್ತು ನಿಮ್ಮ ಅಂಗಳದಾಗ ರಂಗೋಲಿ ನೋಡಿದೆನಲ್ರಿ’ ಅಂದ್ರಂತ. ಅಪ್ಪನ ಜೀವ ಹಾರಿತು. ತಂಗಿ ಮನಿಗೆ ಕಾಲಿಡಲಿಲ್ಲ, ವಿಜಾಪುರದ ಬಸ್ ಹತ್ತಿದ.

ಬಂದು ನೋಡತಾನ, ನೀರು ಹೊಡದ ಅಂಗಳ, ರಂಗೋಲಿ, ಹೊಸ್ತಲದಾಗ ಗಂಡಸರ ಚಪ್ಪಲಿ, ಹಗ್ಗದ ಮ್ಯಾಲ ಧೋತರ! ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ತಾನೇ ಇಟ್ಟ ಚಪ್ಪಲಿ ಗುರ್ತು ಹತ್ತಲಿಲ್ಲ. ಬಾಗಲಿಗೆ ತನ್ನ ಕೀಲಿ ಹಂಗೇ ನೇತಾಡಾಕತ್ತಿದ್ದು ಸೈತ ಕಾಣಲಿಲ್ಲ. ಯಾರೋ ಸಂಸಾರ ಸಮೇತ ಒಳಗ ಠಿಕಾಣಿ ಹೂಡ್ಯಾರಂತ ತಿಳದು, ಓಣಿಯ ನಾಕು ಮಂದಿನ್ನ ಕೂಡಿಸಿ, ಕೈಯಾಗ ಬಡಿಗಿ ಕೊಟ್ಟು, ‘ಹೊರಗ ಬಾ ಲೇ!’ ಅಂತ ಒದರಿದ.

ಒಳಗಿಂದ ಯಾರು ಬರಬೇಕು? ಬಾಜೂ ಮನಿಯಿಂದ ಚಾಚಿ ಬಂದ್ರು. ‘ರಂಗೋಲಿ ನಾ ಹಾಕೇನ್ರಿ ಭಾಯಿ. ಯಾಕ, ಛೊಲೊ ಆಗಿಲ್ಲೇನು?’ ಅಂದ್ರು. ನಾಕೂ ಮಂದಿ ಬಡಿಗಿ ಕೆಳಗಿಟ್ಟು ಹೊಟ್ಟಿ ಹಿಡಕೊಂಡು ನಕ್ಕರಂತ.

ಇತ್ತ ಬಬಲೇಶ್ವರದಾಗ, ತಿಕೋಟಾದಿಂದ ಬಂದವರೊಬ್ಬರು ‘ನಿಮ್ಮ ಯಜಮಾನ್ರು ವಿಜಾಪುರಕ್ಕ ಹೋದ್ರು’ ಅಂತ ಅವ್ವಗ ಹೇಳಿದ್ರು. ಅವ್ವ ಕೈ ತೊಳಕೊಂಡು ಗಂಟು ಕಟ್ಟಿದಳು. ಇನ್ನೂ ಅರ್ಧಕ್ಕರ್ಧ ಗೋದಿ ಉಳದಿತ್ತು. ದೊಡ್ಡವ್ವ, ‘ಅವರು ಬರೂತನಕರ ಹೊಸಿ ಬಾ’ ಅಂದಳು.

‘ಬ್ಯಾಡ. ಮತ್ತ ಕೈ ತೊಳೀಬೇಕಾಗತೈತಿ’ ಅಂದಳು ಅವ್ವ.

ಸಂಜಿಮುಂದ ಅಪ್ಪ ಬಂದ. ಕಟ್ಟಿ ಮ್ಯಾಲ ಕುಂತು, ನಾಚಿಕೊಂತ ನಡದದ್ದೆಲ್ಲಾ ಹೇಳಿದ. ನಕ್ಕು ನಕ್ಕು ನಮ್ಮ ಕಣ್ಣಾಗ ನೀರು ಬಂತು. ಅವ್ವನೂ ನಕ್ಕಳು. ನಕ್ಕಾಕಿ ನಡುವ ಒಮ್ಮೆಲೆ ನಗು ನಿಲ್ಲಿಸಿದಳು.

‘ಹನ್ನೆರಡು ವರ್ಷದಾಗ ಕಳ್ಳ ನಮ್ಮ ಮನಿದೊಂದು ಚಮಚಾ ಒಯ್ದಿಲ್ರಿ. ನನ್ನ ತವರಮನಿ ದಿವಸ ಯಾರು ಒಯ್ದ್ರು, ಹೇಳ್ರಿ?’

ಅಪ್ಪ ಮೂಲ್ಯಾಗಿನ ಗಂಟು ನೋಡಿದ. ಆಮ್ಯಾಲ ಉಡದಾರದಿಂದ ಕೀಲಿಕೈ ಬಿಚ್ಚಿ ಆಕಿ ಮುಂದ ಇಟ್ಟ.

‘ನಿನ್ನ ಕಡೆ ಇರಲಿ. ನೀ ಯಾವತ್ತ ಅಂತಿ, ಅವತ್ತ ಹೋಗೂಣು’ ಅಂದ.

ಅವ್ವ ಕೀಲಿಕೈ ಮುಟ್ಟಲಿಲ್ಲ. ಸೀದಾ ಹೋಗಿ ಶ್ಯಾವಗಿ ಮಣಿ ಮುಂದ ಕುಂತು ಕೈಗೆ ಹಿಟ್ಟು ತಗೊಂಡಳು. ಗಂಟು ಬಿಚ್ಚಿದಾಕಿ ಅಜ್ಜಿ.