ಮದರಾಸಿನ ಮ್ಯಾಚನ್ನು ನಾನು ಕನ್ನಡಿಸಿದ್ದು

ಟೀವಿಯಲ್ಲಿ ಫುಟ್‌ಬಾಲ್ ಮ್ಯಾಚು ಬರುವಾಗ ನಾನು ದನಿಯನ್ನು ಪೂರ್ತಿ ಇಳಿಸಿಬಿಡುತ್ತೇನೆ. ಮೊಮ್ಮಗಳಿಗೆ ಇದು ಸರಿಬರುವುದಿಲ್ಲ. ತಾತನಿಗೆ ಕಿವಿಯೂ ಮಂದವಾಯಿತು, ಬುದ್ಧಿಯೂ ಮಂದವಾಯಿತು ಎಂದು ಅವಳ ಲೆಕ್ಕ. ಎರಡರಲ್ಲೂ ಅಷ್ಟಿಷ್ಟು ಸತ್ಯವಿರುವುದರಿಂದ ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ನಿಜವಾದ ಕಾರಣ ಬೇರೆ. ಮದುವೆಮನೆಯ ಪಂಕ್ತಿಯಲ್ಲಿ ಹಳೆಯ ಅಡುಗೆಯವನೊಬ್ಬ ಊಟಕ್ಕೆ ಕೂತರೆ ಅವನಿಗೆ ಸಾರಿನ ರುಚಿಗಿಂತ ಒಗ್ಗರಣೆ ಸೀದದ್ದೇ ಮೊದಲು ತಿಳಿಯುತ್ತದಲ್ಲ, ನನ್ನದೂ ಹಾಗೆಯೇ. ಮ್ಯಾಚಿನ ವಿವರಣೆ ಹೇಳುವ ಕಸುಬಿನಲ್ಲಿ ನಾನೂ ಇದ್ದವನು. ಕೃಷ್ಣರಾಜನಗರದಲ್ಲಿ, ಐವತ್ತರ ದಶಕದಲ್ಲಿ, ಸುಮಾರು ಒಂದು ವರ್ಷ.

ಈಗಿನ ವಿವರಣೆಕಾರರನ್ನು ಕಂಡರೆ ನನಗೆ ಮರುಕವೇ ಹೆಚ್ಚು. ಚೆಂಡು ಗೆರೆ ದಾಟಿದ್ದನ್ನು ನಾವೆಲ್ಲ ಕಣ್ಣಾರೆ ನೋಡಿರುತ್ತೇವೆ. ಆಮೇಲೆ ಅವರು "ಚೆಂಡು ಗೆರೆ ದಾಟಿತು" ಎನ್ನುತ್ತಾರೆ. ತೊಯ್ದು ತೊಪ್ಪೆಯಾಗಿ ಮನೆಗೆ ಬಂದವನಿಗೆ "ಮಳೆ ಬಂತೇ?" ಎಂದು ಕೇಳುವ ಹೆಂಡತಿಯ ಹಾಗೆ. ಪಾಪ, ಅವರಾದರೂ ಏನು ಮಾಡಿಯಾರು. ಎಲ್ಲವನ್ನೂ ಕ್ಯಾಮೆರಾ ತೋರಿಸಿಬಿಟ್ಟ ಮೇಲೆ ಹೇಳುವುದಕ್ಕೆ ಉಳಿಯುವುದು ಆಟಗಾರನ ಸೋದರಮಾವನ ಊರು ಯಾವುದು ಎಂಬುದಷ್ಟೇ. ನನ್ನ ಕಷ್ಟ ಇದಕ್ಕೆ ಪೂರಾ ತಿರುಗುಮುರುಗು. ನನ್ನ ಶ್ರೋತೃಗಳಿಗೂ ಏನೂ ಕಾಣುತ್ತಿರಲಿಲ್ಲ, ನನಗೂ ಏನೂ ಕಾಣುತ್ತಿರಲಿಲ್ಲ.

ನಾನಾಗ ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹುಣಸೂರಿನವನು, ವಯಸ್ಸು ಇಪ್ಪತ್ತಾರು, ಮದುವೆಯಿಲ್ಲ, ಸಂಜೆಯ ಹೊತ್ತು ಕಳೆಯುವುದೇ ದೊಡ್ಡ ಪಾಡು. ಹಾಗಾಗಿ ಪಾರ್ಕಿನ ಪಕ್ಕದ ವಾಚನಾಲಯಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಅಲ್ಲಿ ನಾಲ್ಕು ಬೆಂಚು, ಎರಡು ಪತ್ರಿಕೆ, ಕಸೂತಿ ಬಟ್ಟೆ ಹೊದೆಸಿದ ಒಂದು ರೇಡಿಯೋ. ರೇಡಿಯೋದ ಮುಖದಲ್ಲಿ ಒಂದು ಹಸಿರು ಕಣ್ಣು. ಸ್ಟೇಷನ್ನು ಸರಿಯಾಗಿ ಸಿಕ್ಕಿದಾಗ ಆ ಕಣ್ಣು ಕಿರಿದಾಗುತ್ತಿತ್ತು. ಅದರ ಕಿವಿ ಹಿಂಡುವ ಅಧಿಕಾರ ಊರಿನಲ್ಲಿ ನನಗೊಬ್ಬನಿಗೇ.

ಮದರಾಸಿನಿಂದ ಆಗಾಗ ಫುಟ್‌ಬಾಲ್ ಮ್ಯಾಚಿನ ಕಾಮೆಂಟರಿ ಬರುತ್ತಿತ್ತು, ಇಂಗ್ಲಿಷಿನಲ್ಲಿ. ಬೆಲ್ಲದ ಮಂಡಿಯ ಸಿದ್ದಪ್ಪನವರು ಒಂದು ದಿನ, "ಮೇಷ್ಟ್ರೇ, ಅವ್ನು ಅಂಗೆ ಬಾಯಿ ಬಡ್ಕತಾವ್ನಲ್ಲ, ಏನಂತೆ?" ಎಂದು ಕೇಳಿದರು. ನಾನು ಹೇಳಿದೆ. ಮುಂದಿನ ಸಲ ಅವರ ಜೊತೆ ಹತ್ತು ಜನ ಬಂದರು. ಅದರ ಮುಂದಿನ ಸಲ ಚುಂಚನಕಟ್ಟೆಯಿಂದ ಗಾಡಿ ಕಟ್ಟಿಕೊಂಡು ಬಂದರು. ನಾನು ರೇಡಿಯೋಗೆ ಒಂದು ಕಿವಿ ಆನಿಸಿ, ಜನಕ್ಕೆ ಮುಖ ಮಾಡಿ, ಕೇಳಿದ್ದನ್ನು ಕೇಳಿದ ಹಾಗೆ ಕನ್ನಡದಲ್ಲಿ ಒಪ್ಪಿಸುತ್ತಿದ್ದೆ.

ಭಾಷಾಂತರದ ಕಷ್ಟಗಳು ನನ್ನನ್ನು ಮೊದಮೊದಲು ಬಹಳ ಕಾಡಿದವು. ಸೆಂಟರ್ ಫಾರ್ವರ್ಡನ್ನು ನಾನು "ನಟ್ಟನಡು ಮುಂದಾಳು" ಎಂದು ಕರೆದೆ. ಸಿದ್ದಪ್ಪನವರು, "ಪಂಚಾಯ್ತಿ ಎಲೆಕ್ಷನ್ನಾ?" ಎಂದರು. ಆಫ್‌ಸೈಡ್ ಎಂದರೆ ಏನೆಂದು ವಿವರಿಸುವುದರಲ್ಲಿ ಒಂದು ಮ್ಯಾಚಿನ ಅರ್ಧವೇ ಮುಗಿದುಹೋಯಿತು. ಕೊನೆಗೆ, "ಯಜಮಾನ ಇಲ್ಲದಾಗ ಮುಂಚಿತವಾಗಿ ಅವನ ಮನೆಯೊಳಗೆ ಹೋಗಿ ಕೂತುಕೊಳ್ಳುವುದು" ಎಂದೆ. ಎಲ್ಲರಿಗೂ ಥಟ್ಟನೆ ತಿಳಿಯಿತು; ಒಬ್ಬಿಬ್ಬರು ಯಾರ ಕಡೆಗೋ ತಿರುಗಿ ನಕ್ಕರು. ಕ್ರಮೇಣ ನಾನು ಪಂಡಿತಿಕೆ ಬಿಟ್ಟು ಊರಿನ ಮಾತಿಗೆ ಇಳಿದೆ. ನನ್ನ ದನಿಯ ಮೇಲೆ ನನಗೇ ಮೋಹ ಹುಟ್ಟಿದ್ದು ಆಗಲೇ. ಒಂಬತ್ತನೇ ತರಗತಿಯವರಿಗೆ ಕರ್ಮಣಿ ಪ್ರಯೋಗ ಹೇಳಿಕೊಡುವಾಗ ಎಂದೂ ಯಾರೂ ನನ್ನ ಬಾಯನ್ನು ಹಾಗೆ ನೋಡಿರಲಿಲ್ಲ.

ರೇಡಿಯೋ ಮಧ್ಯೆ ಮಧ್ಯೆ ಗೊರಗೊರ ಎನ್ನುವುದು ಮಾಮೂಲು. ಆಗ ಒಂದೆರಡು ವಾಕ್ಯವನ್ನು ನಾನೇ ಸೇರಿಸುತ್ತಿದ್ದೆ. ಒಬ್ಬ ಚೆಂಡನ್ನು ಇನ್ನೊಬ್ಬನಿಗೆ ಕೊಟ್ಟ, ಅವನು ಮತ್ತೊಬ್ಬನಿಗೆ ಕೊಟ್ಟ. ಫುಟ್‌ಬಾಲಿನಲ್ಲಿ ಹೇಗೂ ನಡೆಯುವುದು ಅದೇ ತಾನೆ. ಇದರಿಂದ ಯಾರಿಗೂ ಏನೂ ನಷ್ಟವಾಗಿರಲಿಲ್ಲ, ಗೌರಕ್ಕನ ತಮ್ಮ ಆಡುವವರೆಗೆ.

ಗೌರಕ್ಕನದು ರೈಲ್ವೆ ಸ್ಟೇಷನ್ನಿನ ಎದುರು ಇಡ್ಲಿ ಹೋಟೆಲು. ಗಂಡ ಬೇಗ ತೀರಿಹೋಗಿದ್ದ. ಮಕ್ಕಳಿಲ್ಲ. ತಾಯಿಯಿಲ್ಲದ ತಮ್ಮ ನಂಜುಂಡನನ್ನು ಎರಡು ವರ್ಷದ ಕೂಸಾಗಿದ್ದಾಗಿನಿಂದ ಸೊಂಟದ ಮೇಲೆ ಹೊತ್ತು ಸಾಕಿದವಳು. ಅವನು ಮೈಸೂರಿನ ಒಂದು ಗಿರಣಿಯಲ್ಲಿ ಕೆಲಸಕ್ಕಿದ್ದ. ಗಿರಣಿಯ ತಂಡದಲ್ಲಿ ಎಡಬದಿಯಿಂದ ಆಡುತ್ತ ಆಡುತ್ತ ಮೈಸೂರು ರಾಜ್ಯದ ತಂಡದವರ ಕಣ್ಣಿಗೆ ಬಿದ್ದು ಆ ತಂಡಕ್ಕೆ ಸೇರಿದ್ದ. ತಮ್ಮ ಆಡುವುದನ್ನು ಗೌರಕ್ಕ ಒಂದು ಸಲವೂ ನೋಡಿದವಳಲ್ಲ. ಹೋಟೆಲು ಮುಚ್ಚಿದ್ದರೆ ತಾನೆ ನೋಡುವುದು. ಮದರಾಸಿನಲ್ಲಿ ಅವನು ಆಡಲಿದ್ದ ಮ್ಯಾಚಿನ ದಿನ ಮಾತ್ರ ಆಕೆ ಮಧ್ಯಾಹ್ನವೇ ಒಲೆ ಆರಿಸಿ ಬಂದು, ವಾಚನಾಲಯದ ಮೆಟ್ಟಿಲ ಮೇಲೆ, ಗಂಡಸರಿಂದ ತುಸು ದೂರದಲ್ಲಿ, ಸೆರಗು ಹೊದ್ದು ಕೂತಳು.

"ನಂಗೆ ಆಟ ಗೊತ್ತಾಗಕಿಲ್ಲ ಮೇಷ್ಟ್ರೇ. ನಂಜುಂಡನ ಎಸ್ರು ಬಂದಾಗ ಒಸಿ ಜೋರಾಗಿ ಏಳಿ, ಅಷ್ಟೇ ಸಾಕು" ಎಂದಳು.

ಮೊದಲರ್ಧ ಚೆನ್ನಾಗಿಯೇ ಕೇಳಿಸಿತು. ಯಾರೂ ಗೋಲು ಹೊಡೆಯಲಿಲ್ಲ. ನಂಜುಂಡನ ಹೆಸರು ಏಳೆಂಟು ಸಲ ಬಂತು, ನಾನು ಜೋರಾಗಿಯೇ ಹೇಳಿದೆ. ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಮೋಡ ಕವಿಯಿತು. ರೇಡಿಯೋದಲ್ಲಿ ಪುರಿ ಹುರಿಯುವ ಸದ್ದು. ಆ ಸದ್ದಿನ ನಡುವೆ ನನಗೆ ಕೇಳಿಸಿದ್ದು ಮೂರೇ ಪದ: ನಂಜುಂಡ, ಡೌನ್, ಲೆಫ್ಟ್. ಅದರ ಬೆನ್ನಿಗೇ ಜನಸಾಗರ ಒಟ್ಟಾಗಿ "ಓ" ಎಂದದ್ದು. ಆಮೇಲೆ ಬರೀ ಗೊರಗೊರ.

ಮೈದಾನದ ಎಡ ಅಂಚಿನುದ್ದಕ್ಕೂ ಓಡುವವನನ್ನು ಇಂಗ್ಲಿಷಿನವರು "ಡೌನ್ ದ ಲೆಫ್ಟ್" ಎನ್ನುತ್ತಾರೆ. ನೂರು ಜನ ಉಸಿರು ಬಿಗಿಹಿಡಿದು ನನ್ನನ್ನು ನೋಡುತ್ತಿದ್ದರು.

"ನಮ್ ನಂಜುಂಡ ಏನ್ ಮಾಡ್ತಾವ್ನೆ ಮೇಷ್ಟ್ರೇ?" ಎಂದು ಗೌರಕ್ಕ ಮೆಟ್ಟಿಲಿನಿಂದ ಕೇಳಿದಳು.

ಕೇಳಿಸುತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ಜನ ಬಾಯಿ ತೆರೆದು ಕೂತಿರುವಾಗ ಆ ಮಾತು ಹೇಳುವುದಕ್ಕೆ ನನಗೆ ಮನಸ್ಸಾಗಲಿಲ್ಲ. "ಓಡುತ್ತಿದ್ದಾನೆ ಗೌರಕ್ಕ" ಎಂದೆ. ಒಮ್ಮೆ ಓಡಿಸಿದ ಮೇಲೆ ನಿಲ್ಲಿಸುವುದು ಎಲ್ಲಿ? ಒಬ್ಬನನ್ನು ದಾಟಿದ. ಇನ್ನೊಬ್ಬ ಅಡ್ಡ ಬಂದ, ಅವನನ್ನೂ ದಾಟಿದ. ಗೋಲು ಕಾಯುವ ಗೋಲಿ ಮುಂದಕ್ಕೆ ನುಗ್ಗಿ ಬಂದ. ನಂಜುಂಡ ಒಂದು ಕ್ಷಣ ನಿಂತ, ನೋಡಿದ, ಎಡಗಾಲಿನಲ್ಲಿ ಮೆಲ್ಲಗೆ ಚೆಂಡನ್ನು ಗೋಲಿಯ ತಲೆಯ ಮೇಲಿಂದ ಎತ್ತಿ ಬಲೆಯೊಳಗೆ ಇಳಿಬಿಟ್ಟ. ಹೇಳುತ್ತ ಹೇಳುತ್ತ ನನಗೇ ಕಣ್ಣಲ್ಲಿ ನೀರು ಬಂತು. ಅಂಥ ಗೋಲನ್ನು ನಾನು ಇವತ್ತಿನವರೆಗೂ ಟೀವಿಯಲ್ಲೂ ಕಂಡಿಲ್ಲ.

ಸಿದ್ದಪ್ಪನವರು ತಮ್ಮ ರುಮಾಲನ್ನು ಮೇಲಕ್ಕೆ ಎಸೆದರು. ಚುಂಚನಕಟ್ಟೆಯವರು ಬೆಂಚು ಹತ್ತಿ ಕುಣಿದರು. ರೇಡಿಯೋ ಮತ್ತೆ ಬಾಯಿ ಬಿಡಲೇ ಇಲ್ಲ. ಮೈಸೂರು ಒಂದು ಗೋಲಿನಿಂದ ಗೆದ್ದಿತು ಎಂದು ನಾನೇ ತೀರ್ಪು ಕೊಟ್ಟು ಪೆಟ್ಟಿಗೆಗೆ ಬಟ್ಟೆ ಹೊದೆಸಿದೆ. ಗೌರಕ್ಕ ಆ ಸಂಜೆ ಮತ್ತೆ ಒಲೆ ಹಚ್ಚಿ ಊರಿಗೆಲ್ಲ ಕೇಸರಿಬಾತು ಹಂಚಿದಳು. ನನಗೆ ಎರಡು ಸಲ ಬಡಿಸಿದಳು. ನಾನು ತಿಂದೆ.

ಮರುದಿನ ಪತ್ರಿಕೆಯ ಕಟ್ಟು ರೈಲಿನಲ್ಲಿ ಬಂತು. ಅದನ್ನು ಇಳಿಸಿಕೊಳ್ಳುವುದೂ ಕಾರ್ಯದರ್ಶಿಯ ಕೆಲಸವೇ. ಪ್ಲಾಟ್‌ಫಾರಮ್ಮಿನ ಮೇಲೆಯೇ ಬಿಚ್ಚಿ ನೋಡಿದೆ. ಒಳಪುಟದಲ್ಲಿ ನಾಲ್ಕೇ ಸಾಲು. ಮೈಸೂರು ಒಂದು ಗೋಲಿನಿಂದ ಸೋತಿತ್ತು. ಎರಡನೆಯ ಅರ್ಧದಲ್ಲಿ ಎಡಬದಿಯ ಆಟಗಾರ ನಂಜುಂಡ ಕಾಲಿಗೆ ತೀವ್ರ ಪೆಟ್ಟಾಗಿ ಬಿದ್ದನೆಂದೂ ಅವನನ್ನು ಸ್ಟ್ರೆಚರಿನ ಮೇಲೆ ಹೊತ್ತು ಆಸ್ಪತ್ರೆಗೆ ಸಾಗಿಸಲಾಯಿತೆಂದೂ ಬರೆದಿತ್ತು. ನೆಲಕ್ಕೆ ಬಿದ್ದವನಿಗೂ ಇಂಗ್ಲಿಷಿನಲ್ಲಿ ಡೌನ್ ಎಂದೇ ಹೇಳುತ್ತಾರೆ. ಇದನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೆ.

ಪತ್ರಿಕೆಯನ್ನು ಮಡಚಿ ಬಗಲಲ್ಲಿಟ್ಟುಕೊಂಡು ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆ. ಆ ಪುಟವನ್ನು ಹರಿದುಹಾಕಿದರೆ ಎರಡು ದಿನ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬರಲಿಲ್ಲವೆಂದರೆ ಇನ್ನೊಂದು ಸುಳ್ಳಾಗುತ್ತದೆ. ಎದುರಿಗೇ ಗೌರಕ್ಕನ ಹೋಟೆಲು ಕಾಣುತ್ತಿತ್ತು. ಆಕೆ ಗಿರಾಕಿಯೊಬ್ಬನಿಗೆ ಕೈ ಎತ್ತಿ ಏನನ್ನೋ ತೋರಿಸುತ್ತಿದ್ದಳು. ಚೆಂಡು ಗೋಲಿಯ ತಲೆಯ ಮೇಲಿಂದ ಹೋದದ್ದನ್ನು ಹೇಳುತ್ತಿದ್ದಾಳೆ ಎಂದು ಗೊತ್ತಾದಾಗ ನಾನು ಎದ್ದೆ.

ಗಿರಾಕಿ ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಕೇಳಿಸಿದ ಮೂರು ಪದ, ಕೇಳಿಸದೆ ಹೇಳಿದ್ದು, ಪತ್ರಿಕೆಯ ನಾಲ್ಕು ಸಾಲು. ಗೌರಕ್ಕ ಕೈಲಿದ್ದ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು.

"ಮೂಳೆ ಮುರಿದೈತಾ?"

"ಗೊತ್ತಿಲ್ಲ ಗೌರಕ್ಕ."

"ಯಾವ್ ಕಾಲು?"

"ಅದೂ ಬರೆದಿಲ್ಲ. ಗೊತ್ತಿಲ್ಲ."

ಆಕೆ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಕೇಳುಸ್ಲಿಲ್ಲ ಅಂತ ನೆನ್ನೆನೇ ಏಳಿದ್ರೆ, ಯಾಕೋ ಏನೋ ಅಂತ ನಾನು ಪೋಸ್ಟಾಫೀಸ್ಗಾರ ಓಗಿ ತಂತಿ ಕೊಡುಸ್ತಿದ್ದೆ" ಎಂದಳು. "ಅವ್ನು ಅಲ್ಲಿ ನರಳ್ತಾ ಬಿದ್ದಿರೋವಾಗ ನಾನಿಲ್ಲಿ ಕೇಸರಿಬಾತ್ ಅಂಚ್ತಾ ಇದ್ನಲ್ಲ ಮೇಷ್ಟ್ರೇ." ತಂಡದವರು ತಂತಿಯನ್ನು ಗಿರಣಿಗೆ ಕಳಿಸಿದ್ದರಂತೆ, ಅಕ್ಕನ ವಿಳಾಸ ಅವರ ಬಳಿ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಆಕೆ ಮೈಸೂರಿನಿಂದ ಆಚೆ ಹೋದವಳಲ್ಲ. ಇಂಗ್ಲಿಷ್ ಬಾರದು, ತಮಿಳೂ ಬಾರದು. ನಾನು ಜೊತೆಗೆ ಬರುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ಸಿದ್ದಪ್ಪನವರಿಗೂ ಹೋಗಿ ಸತ್ಯ ಹೇಳಿದೆ. ಅವರು, "ಆ ಗೋಲೂ ಇಲ್ವಾ?" ಎಂದು ಮಾತ್ರ ಕೇಳಿದರು. ನಂಜುಂಡನ ಕಾಲಿಗಿಂತ ಅದೇ ಅವರಿಗೆ ಒಂದು ಗಳಿಗೆ ಹೆಚ್ಚು ನೋವು ಕೊಟ್ಟಂತೆ ಕಂಡಿತು. ಆಮೇಲೆ ನಾಚಿಕೊಂಡು, ನಾವು ಬರುವವರೆಗೆ ಹೋಟೆಲಿನ ಬೀಗದ ಕೈ ತಾವೇ ಇಟ್ಟುಕೊಂಡಿರುವುದಾಗಿ ಹೇಳಿದರು.

ಗೌರಕ್ಕ ಒಂದು ಡಬ್ಬಿ ಹುರಿಹಿಟ್ಟು ಕಟ್ಟಿಕೊಂಡಳು. ರೈಲು ಬದಲಿಸುತ್ತ ನಾವು ಮದರಾಸು ಮುಟ್ಟಿದೆವು. ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ನಂಜುಂಡನ ಬಲಗಾಲು ಮೊಣಕಾಲಿನ ಮೇಲಿನಿಂದ ಕೆಳಗಿನವರೆಗೆ ಬಿಳಿಯ ಪಟ್ಟಿಯಲ್ಲಿತ್ತು. ಅಕ್ಕನನ್ನು ಕಂಡು, "ಯಾಕ್ ಬರಕೋದೆ, ಓಟ್ಲು ಯಾರ್ ನೋಡ್ಕತಾರೆ?" ಎಂದ. ಆಕೆ ಅವನ ತಲೆಗೂದಲನ್ನು ಹಿಂದಕ್ಕೆ ಸವರಿದಳು, ಅಷ್ಟೇ.

ಡಾಕ್ಟರು ಬಂದು ಇಂಗ್ಲಿಷಿನಲ್ಲಿ ಹೇಳತೊಡಗಿದರು. ನಾನು ಅವರಿಗೆ ಕಿವಿ ಆನಿಸಿ, ಗೌರಕ್ಕನಿಗೆ ಮುಖ ಮಾಡಿ ನಿಂತೆ. ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿದಿದೆ. ಮೂರು ತಿಂಗಳಿಗೆ ನಡೆಯುತ್ತಾನೆ. ಗಿರಣಿಯ ಕೆಲಸಕ್ಕೆ ಅಡ್ಡಿಯಿಲ್ಲ. ಇಲ್ಲಿಯವರೆಗೆ ಸಲೀಸಾಗಿ ಹೇಳಿದೆ. ಆಮೇಲೆ ಅವರು ದನಿ ತಗ್ಗಿಸಿ ಒಂದು ಮಾತು ಹೇಳಿದರು. ನನ್ನ ನಾಲಗೆಯ ತುದಿಯಲ್ಲಿ "ಸ್ವಲ್ಪ ದಿನ ಆಡಬಾರದಂತೆ" ಎಂಬ ಸೊಗಸಾದ ಭಾಷಾಂತರ ಸಿದ್ಧವಾಗಿತ್ತು. ಗೌರಕ್ಕ ನನ್ನ ಮುಖ ನೋಡಿದಳು.

"ಅವ್ರು ಏನಂದ್ರೋ ಅದ್ನೇ ಏಳಿ" ಎಂದಳು.

"ಇನ್ನು ಮೇಲೆ ಇವನು ಮ್ಯಾಚು ಆಡುವ ಹಾಗಿಲ್ಲವಂತೆ. ಯಾವತ್ತೂ" ಎಂದೆ.

ನಂಜುಂಡ ಗೋಡೆಯ ಕಡೆಗೆ ತಿರುಗಿಕೊಂಡ. ಗೌರಕ್ಕ ಸ್ಟೂಲನ್ನು ಎಳೆದುಕೊಂಡು ಹಾಸಿಗೆಯ ಪಕ್ಕ ಕೂತಳು.  ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲಿರಬೇಕು. ಮಧ್ಯಾಹ್ನ ಅವಳು ಹುರಿಹಿಟ್ಟಿಗೆ ಹಾಲು ಬೆಲ್ಲ ಕಲಸಿ ಮುಂದೆ ಹಿಡಿದಾಗ ಅವನು ಎದ್ದು ಕೂತು ತಿಂದ. ತಿಂದು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ. ಊರಿನಲ್ಲಿ ನಡೆದದ್ದನ್ನು ಅಕ್ಕ ಅಷ್ಟರಲ್ಲಿ ಅವನಿಗೆ ಹೇಳಿಯಾಗಿತ್ತು.

"ನಾನು ಗೋಲು ಒಡುದ್ನಂತಲ್ಲ ಮೇಷ್ಟ್ರೇ" ಎಂದ. "ಎಂಗೆ ಒಡ್ದೆ? ಏಳಿ, ಕೇಳಾಣ."

ನಾನು ಗೌರಕ್ಕನ ಕಡೆ ನೋಡಿದೆ. ಆಕೆ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು:

"ಏಳಿ, ಅದ್ಕೇನಂತೆ. ಸುಳ್ಳು ಅಂತ ಮೊದ್ಲೇ ಏಳ್ಬುಟ್ಟು ಆಮ್ಯಾಲೆ ಏಳಿ."

"ಇದು ಸುಳ್ಳು" ಎಂದೆ. ನಂಜುಂಡ ದಿಂಬನ್ನು ಬೆನ್ನಿಗೆ ಸರಿಮಾಡಿಕೊಂಡ. ನಾನು ಅವನನ್ನು ಎಡ ಅಂಚಿನಲ್ಲಿ ಓಡಿಸಿದೆ, ಒಬ್ಬನನ್ನು ದಾಟಿಸಿದೆ, ಇನ್ನೊಬ್ಬನನ್ನು ದಾಟಿಸಿದೆ. ಪಕ್ಕದ ಮಂಚದ ತಮಿಳರವನು ಕೂಡ, ಒಂದಕ್ಷರ ತಿಳಿಯದಿದ್ದರೂ, ಮೊಣಕೈ ಊರಿ ಎದ್ದು ಕೂತ. ಗೋಲಿ ಮುಂದೆ ನುಗ್ಗಿದಾಗ ನಂಜುಂಡ ಕೈ ಅಡ್ಡ ತೋರಿಸಿ ನನ್ನನ್ನು ತಡೆದ.

"ತಡೀರಿ ಮೇಷ್ಟ್ರೇ. ಅಷ್ಟ್ ಓರೆಯಿಂದ ತಲೆ ಮ್ಯಾಲೆ ಎತ್ತುದ್ರೆ ಚೆಂಡು ಬಲೆಗೆ ಬೀಳಾಕಿಲ್ಲ, ಆಚೆ ಓಯ್ತದೆ. ಅಲ್ಲಿ ಮೊದ್ಲು ಒಳಕ್ಕೆ ತಿರುಗುಸ್ಕೋಬೇಕು. ಇನ್ನೊಂದ್ಸಲ ಏಳಿ, ಈ ಸಲ ಸರಿಯಾಗಿ."

ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ. ಗೌರಕ್ಕ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.