ಭಾವನ ರಾಜ ಹಾರಿದ್ದು

ನನಗೆ ಅಕ್ಕನ ಗಂಡನನ್ನು ಕಂಡರಾಗದು. ಅರಸೀಕೆರೆಯವರು, ಬೇಲೂರಿನಲ್ಲಿ ಆಫೀಸು. ಹಬ್ಬಕ್ಕೆ ಬಂದಾಗಲೆಲ್ಲ ಗೆಂಡೆಹಳ್ಳಿಯ ನಮ್ಮ ಜಗಲಿಯಲ್ಲಿ ಅಪ್ಪನ ಜೊತೆ ಚದುರಂಗಕ್ಕೆ ಕೂರುತ್ತಿದ್ದರು. ಅಪ್ಪನದು ಹಳೇ ಕಾಲದ ಆಟ: ಚೆಕ್ ಬೀಳುವ ಮುಂಚೆ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಕಳೆದ ಯುಗಾದಿಯಲ್ಲಿ ಸೋತ ಸಿಟ್ಟಿಗೆ ಭಾವ ನೆಂಟರೆದುರೇ, "ಇದೂ ಒಂದು ಆಟವಾ ಮಾವ? ದನ ಕಾಯೋರ ರೂಲ್ಸು" ಅಂದುಬಿಟ್ಟರು. ಅಳಿಯನಿಗೆ ಎದುರಾಡುವುದುಂಟೇ? ಅಪ್ಪ ಕಾಯಿಗಳನ್ನು ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದರು. ಮತ್ತೆ ಇಳಿಸಲಿಲ್ಲ.

ಆ ಡಬ್ಬಿ ಇಳಿಯಬೇಕಾದರೆ ಈ ಮನುಷ್ಯ ನಾಲ್ಕು ಜನರ ಮುಂದೆ ಸೋಲಬೇಕೆಂದು ಹಲ್ಲು ಕಚ್ಚಿ ಕಾದೆ. ಬೇಲೂರಿನ ಚೆಸ್ ಟೂರ್ನಿಯಲ್ಲಿ ಅವರೇ ಎದುರು ಕೂತರು.

"ಏನಮ್ಮ ಟೀಚರಮ್ಮ, ಇಲ್ಲಿ ಅಪ್ಪನ ರೂಲ್ಸ್ ನಡೆಯಲ್ಲ, ಗೊತ್ತಾಯ್ತಾ?"

ಬಿಳಿ ನನ್ನದು. ಅಪ್ಪನ ಓಪನಿಂಗನ್ನೇ ಆಡಿದೆ. ರಾಜನ ಮುಂದಿನ ಸಿಪಾಯಿಯನ್ನು ನೂಕಿ, ಮರುನಡೆಗೇ ರಾಣಿಯನ್ನು ಹೊರಗೆ ತಂದೆ, ಆಮೇಲೆ ಒಂಟೆ. ಪುಸ್ತಕ ಓದಿದವರು ನಗುವ ಆಟ, ಭಾವನೂ ನಕ್ಕರು. ಸಿಪಾಯಿ ತಳ್ಳಿ ರಾಣಿಯನ್ನು ಅಟ್ಟಿದರು. ನಾನು ರಾಣಿಯನ್ನು ಹಿಂದೆ ಸರಿಸಿ ಮತ್ತೆ ಅವರ ರಾಜನ ಪಕ್ಕಕ್ಕೇ ಗುರಿಯಿಟ್ಟೆ. ಜಗಲಿಯಲ್ಲಿ ಇದಕ್ಕೆ ಭಾವನದು ಯಾವಾಗಲೂ ಒಂದೇ ಉತ್ತರ. "ಇಷ್ಟೇನಾ?" ಅಂದವರೇ ಅದೇ ಅಭ್ಯಾಸಬಲದಲ್ಲಿ ರಾಜನನ್ನೆತ್ತಿ ಕುದುರೆಯ ಹಾಗೆ ಹಾರಿಸಿ ಗಡಿಯಾರ ಕುಟ್ಟಿದರು.

ನಾನು ಕೈಯೆತ್ತಿದೆ. ತೀರ್ಪುಗಾರರು ಬಂದು, "ಈ ನಡೆ ಇಲ್ಲ ಸಾರ್. ಆದ್ರೆ ರಾಜನನ್ನ ಮುಟ್ಟಿದೀರಿ, ಅದನ್ನೇ ನಡೆಸಬೇಕು" ಎಂದರು. ರಾಜನಿಗೆ ಉಳಿದಿದ್ದು ಮುಂದಿನ ಒಂದೇ ಮನೆ.

ಭಾವ ಕೆಂಪಗಾಗಿ ಎದ್ದು ನಿಂತರು. "ಯಾಕಿಲ್ಲಾರೀ? ನಮ್ಮ ಮಾವನೋರು ಆಡೋದೇ ಹಿಂಗೆ!"

ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ದನ ಕಾಯೋರ ರೂಲ್ಸು ಇಲ್ಲಿ ನಡೆಯಲ್ಲ ಭಾವ, ಕೂತ್ಕೊಳ್ಳಿ" ಅಂದೆ. ಅವರ ರಾಜ ಬಯಲಿಗೆ ಬಂದು ಸತ್ತ. ನನಗೆ ಅಯ್ಯೋ ಅನ್ನಿಸಲಿಲ್ಲ.

ಹೊರಗೆ ಬಂದವಳೇ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ ಕೇಳಿದ್ದು ಇಷ್ಟೇ: "ಅಳಿಯಂದ್ರು ಹಾರಿಸಿದಾಗ ಚೆಕ್ ಬಿದ್ದಿತ್ತಾ?"

"ಇಲ್ಲ."

"ಹಂಗಾದ್ರೆ ಸರಿಯಾಗೇ ಆಡವ್ರೆ ಕಣವ್ವ. ನಾನೂ ಅದೇ ಆಡ್ತಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತ ಅಪ್ಪ ಅಮ್ಮನನ್ನು ಕೂಗುವುದು ಕೇಳಿಸಿತು: "ಏಯ್, ಏಣಿ ಎಲ್ಲೈತೆ ನೋಡೇ, ಅಟ್ಟದ ಮೇಲಿನ ಡಬ್ಬಿ ಇಳಿಸ್ಬೇಕು. ಅಳಿಯಂದ್ರು ಭಾನುವಾರ ಬತ್ತಾರಾ ಕೇಳು."