ರೇಣುಕಾ ತುಳಿದ ಚಿಟ್ಟೆ

ಆ ದಿನಗಳಲ್ಲಿ ಬೀಳಗಿಯ ನಮ್ಮಂಥ ಹುಡುಗಿಯರಿಗೆ ದೂರದ ಊರು ನೋಡಲು ಇದ್ದ ದಾರಿ ಒಂದೇ, ಶಾಲೆಯ ಪ್ರವಾಸ. ಎಂಟನೆಯ ತರಗತಿಯ ಚಳಿಗಾಲದಲ್ಲಿ ಬೆಂಗಳೂರಿಗೆ ಹೊರಟಾಗ ನಾನು, ಸವಿತಾ, ರೇಣುಕಾ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದೆವು. ಸವಿತಾಳ ತೊಡೆಯ ಮೇಲೆ ಅವಳ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ.

ರೇಣುಕಾಳ ಕಣ್ಣಿನ ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು. ನೇರ ಎದುರಿಗಿದ್ದದ್ದು ಅವಳಿಗೆ ಕಾಣುತ್ತಿತ್ತು. ಬದಿಯದು, ಕಾಲ ಬಳಿಯದು ಕಾಣುತ್ತಿರಲಿಲ್ಲ. ಕುಂಟಾಟ ಆಡುವಾಗ ಗೆರೆ ತುಳಿದು, ಬೇರೆಯವರು ನಗುವ ಮೊದಲೇ ತಾನೇ ನಕ್ಕುಬಿಡುತ್ತಿದ್ದಳು. ಒಮ್ಮೆ ಶಾಲೆಯ ನೀರಿನ ಟಾಕಿಯ ಹಿಂದೆ ನನ್ನ ಕೈ ಹಿಡಿದು, "ಯಾರ ಮುಂದೂ ಹೇಳಬ್ಯಾಡ ಬೇ. ನಮ್ಮಪ್ಪಗ ಗೊತ್ತಾದ್ರ ಸಾಲಿ ಬಿಡಸ್ತಾನ" ಅಂದಿದ್ದಳು. ನಾನು ಆಣೆ ಮಾಡಿದ್ದೆ.

ಬೆಂಗಳೂರಿನ ಚಿಟ್ಟೆಮನೆಯ ಎರಡು ಬಾಗಿಲು ದಾಟಿದೊಡನೆ ಬಿಸಿ ಹಬೆ ಮುಖಕ್ಕೆ ಬಡಿಯಿತು. ಹಸಿ ಮಣ್ಣಿನ ವಾಸನೆ, ಚಿಟ್ಟೆಗಳಿಗೆಂದು ತಟ್ಟೆಯಲ್ಲಿಟ್ಟ ಕಳಿತ ಬಾಳೆಹಣ್ಣಿನ ವಾಸನೆ. ಸವಿತಾಳ ಜಡೆಯ ಮೇಲೊಂದು ಚಿಟ್ಟೆ ಕೂತಾಗ ಅವಳು ಉಸಿರು ಬಿಗಿಹಿಡಿದು ನಿಂತಳು. ರೇಣುಕಾ ಮಾತ್ರ ನನ್ನ ತೋಳು ಬಿಡದೆ, "ಎಲ್ಲಿ? ಯಾ ಕಡೆ?" ಎಂದು ಪಿಸುಗುಡುತ್ತಲೇ ಇದ್ದಳು. ಕೊನೆಗೆ ಅವಳ ಎದುರಿನ ಹೂವಿನ ಮೇಲೇ ಒಂದು ನೀಲಿ ಚಿಟ್ಟೆ ಬಂದು ಕೂತಿತು.

"ಕಾಣಸ್ತು! ಎಷ್ಟ ಛಲೋ ಐತಿ!"

ತೋಳು ಬಿಟ್ಟು ಎರಡು ಹೆಜ್ಜೆ ಮುಂದಿಟ್ಟಳು. ನೆಲದ ತೇವ ಹೀರುತ್ತ ಕೂತಿದ್ದ ಇನ್ನೊಂದು ಚಿಟ್ಟೆ ಅವಳ ಚಪ್ಪಲಿಯ ಕೆಳಗೆ ಅಪ್ಪಚ್ಚಿಯಾಯಿತು.

ಕಾವಲುಗಾರ ಕೂಗಿದ. ನಮ್ಮ ಟೀಚರ್, ನಾವು ಅಕ್ಕೋರು ಎನ್ನುತ್ತಿದ್ದವರು, ಓಡಿ ಬಂದು ಅವಳ ರಟ್ಟೆ ಹಿಡಿದರು. "ಕಣ್ಣ ಕಾಣಂಗಿಲ್ಲೇನ ನಿನಗ? ಬೇಕಂತ ತುಳದಿ! ನಡಿ, ಬಸ್ಸಿನ್ಯಾಗ ಕುಂದರ ನಡಿ!"

ರೇಣುಕಾ ತಪ್ಪು ಒಪ್ಪಿಕೊಂಡವಳಂತೆ ಬಾಗಿಲ ಕಡೆ ಹೊರಟಳು. ನನಗೇ ತಡೆಯಲಾಗಲಿಲ್ಲ.

"ಅಕ್ಕೋರ, ಆಕಿಗೆ ಖರೇನ ಕಾಣಂಗಿಲ್ರಿ."

ಅಕ್ಕೋರ ಕೈ ಸಡಿಲಾಯಿತು. ರೇಣುಕಾ ನನ್ನತ್ತ ತಿರುಗಿ, "ಹೇಳೇಬಿಟ್ಟೆಲ್ಲ" ಅಂದಳು. ಅಷ್ಟೇ. ಮರಳಿ ಬರುವಾಗ ಅಕ್ಕೋರ ಪಕ್ಕದಲ್ಲಿ ಕೂತಿದ್ದಳು. ಹೋಳಿಗೆ ಕೊಡಲು ಹೋದರೆ ಕೈ ಚಾಚಲಿಲ್ಲ.

ಅಕ್ಕೋರು ಒಳ್ಳೆಯ ಮನಸ್ಸಿನಿಂದಲೇ ಅವಳ ಅಪ್ಪನಿಗೆ ತಿಳಿಸಿದರು. ದವಾಖಾನೆಯಲ್ಲಿ, ಇದಕ್ಕೆ ಔಷಧವಿಲ್ಲ, ಇರುವ ದೃಷ್ಟಿಯೂ ಮೆಲ್ಲಗೆ ಹೋಗುತ್ತದೆ ಎಂದರಂತೆ. ಅವಳು ಹೆದರಿದ್ದೇ ಆಯಿತು. ಶಾಲೆ ಬಿಡಿಸಿದರು. ಕಣ್ಣು ಕಾಣದವರಿಗೂ ಕಲಿಸುವ ಶಾಲೆಗಳಿವೆ ಎಂಬುದು ಆ ಮನೆಯವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೂರು ಸಲ ಅವಳ ಮನೆಗೆ ಹೋದೆ. ಮೂರನೆಯ ಸಲ ಅವಳ ಅವ್ವ ಹೊಸ್ತಿಲಲ್ಲೇ ನಿಂತು, "ಇನ್ನ ಬರಬ್ಯಾಡ ಯವ್ವಾ. ನಿನ್ನ ಹೆಸರ ತಗದ್ರ ಆಕಿ ಮಾರಿ ತಿರಗಸ್ತಾಳ" ಅಂದರು. ಬೇಸಿಗೆಯಲ್ಲಿ ಅವಳನ್ನು ಗಲಗಲಿಯ ಸೋದರಮಾವನ ಮನೆಗೆ ಕಳಿಸಿಬಿಟ್ಟರು.

ಈಗ ಅವಳು ರಬಕವಿಯಲ್ಲಿ ಅಣ್ಣನ ಜೊತೆಗಿದ್ದಾಳೆ, ಬೆಳಕೊಂದು ಬಿಟ್ಟರೆ ಏನೂ ಕಾಣುವುದಿಲ್ಲವಂತೆ. ಸವಿತಾ ಫೋನಿನಲ್ಲಿ, "ನೀ ಹೇಳಿದ್ದ ಛಲೋನ ಆತು ಬಿಡ. ಇಲ್ಲಂದ್ರ ಎಲ್ಲೆರ ಬಾವ್ಯಾಗ ಬೀಳತಿದ್ಲು" ಅನ್ನುತ್ತಾಳೆ. ಇರಬಹುದು. ಆಮೇಲೂ ನನಗೆ ಬೇಕಾದಷ್ಟು ಗೆಳತಿಯರಾದರು. ಆದರೆ ಅವರಲ್ಲಿ ಯಾರಾದರೂ ದನಿ ತಗ್ಗಿಸಿ, "ನಿನಗೊಬ್ಬಳಿಗೇ ಹೇಳ್ತೀನಿ" ಎಂದು ಹತ್ತಿರ ಸರಿದರೆ, ನಾನು ಏನೋ ಕೆಲಸ ನೆನಪಾದವಳಂತೆ ಎದ್ದುಬಿಡುತ್ತೇನೆ.